ಹತ್ತೊಂಬತ್ತನೆಯ ಸಾಲಿನ ಸೊನ್ನೆ

ಏಳನೆಯ ಗಾಳಿಮನೆ, ಕಪ್ಪತಗುಡ್ಡ
ಇಸವಿ ೨೨೪೯, ಫೆಬ್ರುವರಿ ಮೂವತ್ತು

ಸಂಖ್ಯಾಶಾಸ್ತ್ರ ವಿಭಾಗದ ಸುಕನ್ಯಾ ಉಡುಪ ಮೇಡಂ ಅವರಿಗೆ ನೀಲಾಂಬಿಕಾ ಮುಳಗುಂದ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಯಾರೋ ಚೇಷ್ಟೆ ಮಾಡಿದ್ದಾರೆ ಎಂದುಕೊಳ್ಳಬೇಡಿ. ನಿಮ್ಮ ಕಾಲದ ಫೆಬ್ರುವರಿಯಲ್ಲಿ ಮೂವತ್ತನೆಯ ದಿನ ಇರಲಿಲ್ಲ ಎಂಬುದು ನನಗೆ ಗೊತ್ತಿದೆ. ತಿಂಗಳುಗಳೆಲ್ಲ ಒಂದೇ ಅಳತೆಯಲ್ಲಿರಲಿ ಎಂದು ನಮ್ಮ ಹಿರಿಯರು ಯಾವಾಗಲೋ ತೀರ್ಮಾನಿಸಿ, ಮಿಕ್ಕ ದಿನಗಳನ್ನು ವರ್ಷದ ಕೊನೆಯಲ್ಲಿ ರಜೆಯೆಂದು ಕೂಡಿಹಾಕಿದರು. ನನ್ನ ಮಾತು ನಿಮ್ಮ ಕಿವಿಗೆ ಎಲ್ಲಾದರೂ ಎಡವಿದಂತೆ ಕೇಳಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಬರಹದ ಕನ್ನಡವನ್ನು ನಾನು ಕಲಿತದ್ದೇ ನಿಮ್ಮ ಅಭ್ಯಾಸಗಳಿಂದ. ಆದ್ದರಿಂದ ತಪ್ಪುಗಳಿದ್ದರೆ ಅರ್ಧ ಹೊಣೆ ನಿಮ್ಮದು.

ಹೌದು, ನಿಮ್ಮ ಅಭ್ಯಾಸಗಳು ಇನ್ನೂ ಇವೆ. ಬಿ.ಎಸ್ಸಿ. ಮೊದಲ ವರ್ಷದ ಮಕ್ಕಳಿಗಾಗಿ ನೀವು ಆನ್‌ಲೈನ್‌ನಲ್ಲಿ ಹಾಕಿದ ಆ ಸಂಖ್ಯಾಶಾಸ್ತ್ರದ ಲೆಕ್ಕಗಳನ್ನು ಒಂದು ತಲೆಮಾರಿನ ಯಂತ್ರದಿಂದ ಇನ್ನೊಂದು ತಲೆಮಾರಿನ ಯಂತ್ರಕ್ಕೆ ಯಾರೋ ದಾಟಿಸುತ್ತಲೇ ಬಂದಿದ್ದಾರೆ. ಬಹುಶಃ ಪ್ರೀತಿಯಿಂದಲ್ಲ, ಹೊಸದಾಗಿ ಬರೆಯಲು ಯಾರಿಗೂ ಪುರಸೊತ್ತಿರಲಿಲ್ಲ ಅಷ್ಟೆ. ಒಬ್ಬೊಬ್ಬ ವಿದ್ಯಾರ್ಥಿಗೆ ಒಂದೊಂದು ಬಗೆಯ ಅಂಕಿಗಳು ಬರುವುದು, ಉತ್ತರ ಸರಿಯಾದರೆ ಹಸಿರು ಗುರುತು, ತಪ್ಪಾದರೆ ಕೆಂಪು ಗುರುತಿನ ಜೊತೆಗೆ ನಿಮ್ಮ ಮಾತು, ಎಲ್ಲ ಹಾಗೆಯೇ ಇದೆ. “ತಪ್ಪಾಯಿತು. ಗಾಬರಿ ಬೇಡ, ಇನ್ನೊಂದು ಸಲ ನೋಡೋಣ.” ಈ ಮಾತನ್ನು ನಾನು ಹುಡುಗಿಯಾಗಿದ್ದಾಗ ಎಷ್ಟು ಸಲ ಓದಿದ್ದೇನೆಂದರೆ, ಮನೆಯಲ್ಲಿ ಹಾಲು ಉಕ್ಕಿ ಚೆಲ್ಲಿದರೂ ಅದೇ ನೆನಪಾಗುತ್ತದೆ.

ಪ್ರತಿ ಅಭ್ಯಾಸದ ಕೆಳಗೂ ಒಂದು ಪೆಟ್ಟಿಗೆ ಇಟ್ಟಿದ್ದೀರಿ: “ನಿಮ್ಮ ಅನಿಸಿಕೆ ಬರೆಯಿರಿ. ಅದು ನೇರವಾಗಿ ನನ್ನನ್ನು ತಲುಪುತ್ತದೆ.” ಈ ಪತ್ರವನ್ನು ಅದರಲ್ಲೇ ಬರೆಯುತ್ತಿದ್ದೇನೆ. ಗುಂಡಿ ಒತ್ತಿದರೆ “ತಲುಪಿತು, ಧನ್ಯವಾದ” ಎಂದು ಈಗಲೂ ಬರುತ್ತದೆ. ಎಲ್ಲಿಗೆ ತಲುಪಿತು ಎಂದು ನಮ್ಮ ಎಂಜಿನಿಯರುಗಳನ್ನು ಕೇಳಿದರೆ, ಎಲ್ಲಿಗೂ ಇಲ್ಲ ಎನ್ನುತ್ತಾರೆ. ನಾನು ಅವರ ಮಾತನ್ನು ನಂಬುವುದಿಲ್ಲ. ಸರಾಸರಿಯ ಬಗ್ಗೆ, ಸಂಭವನೀಯತೆಯ ಬಗ್ಗೆ ನೀವು ಹೇಳಿದ್ದನ್ನೆಲ್ಲ ಇಷ್ಟು ವರ್ಷ ನಂಬಿದವಳು, ಇದೊಂದನ್ನು ನಂಬದೆ ಬಿಡಲು ಕಾರಣ ಕಾಣಲಿಲ್ಲ.

ಮೊದಲು ನಾನು ಎಲ್ಲಿದ್ದೇನೆಂದು ಹೇಳಬೇಕು. ಕಪ್ಪತಗುಡ್ಡ ನಿಮಗೆ ಗೊತ್ತಿರುತ್ತದೆ, ಗದಗಿನ ಕಡೆಯದು. ಈಗ ಈ ಗುಡ್ಡದ ಸಾಲಿನುದ್ದಕ್ಕೂ ಗಾಳಿಯಿಂದ ಕರೆಂಟು ತೆಗೆಯುವ ಗೋಪುರಗಳಿವೆ, ಒಂದೊಂದರ ಬುಡದಲ್ಲಿ ಒಂದು ಮನೆ, ಒಂದು ಮನೆಗೆ ಒಬ್ಬರೇ ಮನುಷ್ಯರು. ಇದನ್ನು ಗಾಳಿಮನೆ ಎನ್ನುತ್ತೇವೆ. ಎಷ್ಟೇ ಜಾಣ ಯಂತ್ರವಾದರೂ ಇಲ್ಲಿನ ಕೆಂಪು ದೂಳು ತಿಂದರೆ ಕೆಮ್ಮುತ್ತದೆ, ಅದನ್ನು ಒರೆಸಲು ಕೈ ಬೇಕು. ಐದು ವರ್ಷಕ್ಕೊಮ್ಮೆ ಪಾಳಿ ಬದಲಾಗುತ್ತದೆ, ಬೇಕಾದವರು ಅಲ್ಲೇ ಮುಂದುವರಿಯಬಹುದು. ನಾನು ಮುಂದುವರಿಯುತ್ತಲೇ ಬಂದವಳು. ದೂಳು ಒರೆಸುವುದರ ಜೊತೆಗೆ, ಗುಡ್ಡದ ಮೇಲಿದ್ದುಕೊಂಡೇ ಪದವಿ ಓದುವವರಿಗೆ ಸಂಖ್ಯಾಶಾಸ್ತ್ರದ ಶಿಕ್ಷಕಿ ಎಂಬ ಹುದ್ದೆಯೂ ನನ್ನದೇ. ಪಾಠವನ್ನು ನಿಮ್ಮ ಅಭ್ಯಾಸಗಳೇ ಮಾಡುತ್ತವೆ. ಎಲ್ಲಾದರೂ ಅರ್ಥವಾಗದೆ “ಟೀಚರನ್ನು ಕರೆಯಿರಿ” ಎಂಬ ಗುಂಡಿ ಒತ್ತಿದರೆ ನಾನು ಉತ್ತರಿಸಬೇಕು. ಯಾರೂ ಒತ್ತುವುದಿಲ್ಲ.

ಒತ್ತದಿರಲು ಕಾರಣ ಮರುದನಿ. ಪ್ರತಿ ಮನೆಯಲ್ಲೂ ಇರುವ ಮಾತಾಡುವ ಯಂತ್ರ ಅದು. ಅಡುಗೆಗೆ ಉಪ್ಪು ಎಷ್ಟೆಂದು ಹೇಳುತ್ತದೆ, ನಿದ್ದೆ ಬಾರದಿದ್ದರೆ ಹಾಡುತ್ತದೆ, ಲೆಕ್ಕ ಬರದಿದ್ದರೆ ಉತ್ತರ ಹೇಳಿಕೊಡುತ್ತದೆ. ನನ್ನ ಮರುದನಿ ಬೇರೆಯವರ ಮನೆಯ ಮರುದನಿಯ ಜೊತೆ ಮಾತಾಡಿ ಕ್ಷೇಮಸಮಾಚಾರ ತಿಳಿದುಕೊಳ್ಳುತ್ತದೆ. ಅಣ್ಣಿಗೇರಿಯಲ್ಲಿ ನನ್ನ ತಂಗಿ ಇದ್ದಾಳೆ. ದಿನಾ ಬೆಳಿಗ್ಗೆ ಚಹಾ ಕುಡಿಯುವಾಗ “ನಿಮ್ಮ ತಂಗಿ ಆರಾಮವಾಗಿದ್ದಾರೆ, ಮೊಣಕಾಲು ನೋವು ಕಡಿಮೆ” ಎಂಬ ವರದಿ ಬರುತ್ತದೆ. ಅವಳಿಗೂ ನನ್ನ ಬಗ್ಗೆ ಇಂಥದ್ದೇ ವರದಿ ಹೋಗುತ್ತಿರಬೇಕು. ಹೀಗಾಗಿ ನಾವಿಬ್ಬರೂ ಮಾತಾಡುವ ಅಗತ್ಯವೇ ಬೀಳದೆ ಬಹಳ ವರ್ಷಗಳು ಕಳೆದುಹೋದವು. ಜಗಳವೇನೂ ಇಲ್ಲ. ಜಗಳವಾಡಬೇಕೆಂದರೂ ಒಮ್ಮೆ ಮಾತಾಡಬೇಕಲ್ಲ!

ನಿಮ್ಮ ಅಭ್ಯಾಸಗಳನ್ನು ನಾನು ಲೆಕ್ಕಕ್ಕಾಗಿ ಓದುವುದು ಎಂದೋ ಬಿಟ್ಟಿದ್ದೇನೆ. ಒಳಗಿರುವ ಜನರಿಗಾಗಿ ಓದುತ್ತೇನೆ. ಹಾಸ್ಟೆಲ್ ಮೆಸ್ಸಿನಲ್ಲಿ ದಿನಕ್ಕೆ ಎಷ್ಟು ಚಪಾತಿ ಉಳಿಯುತ್ತವೆ ಎಂಬ ಲೆಕ್ಕ ಬಂದರೆ, ಉಳಿದ ಚಪಾತಿಗಿಂತ ತಿಂದುಹೋದವರ ಗದ್ದಲವೇ ಕೇಳಿಸುತ್ತದೆ. ಬಸ್ಸಿನ ಲೆಕ್ಕವಂತೂ ನನಗೆ ಬಾಯಿಪಾಠ. ಐವತ್ತು ಸೀಟಿನ ಬಸ್ಸು, ಅದು ನಿಲ್ಲುವ ಮೊದಲೇ ಹನ್ನೆರಡು ಜನ ಕಿಟಕಿಯಿಂದ ಕರ್ಚೀಫು ಎಸೆದು ಸೀಟು ಹಿಡಿದಿದ್ದಾರೆ, ಕೊನೆಗೆ ಹತ್ತಿದವರಿಗೆ ಸೀಟು ಸಿಗುವ ಸಂಭವನೀಯತೆ ಎಷ್ಟು? ಬಟ್ಟೆಯ ತುಂಡಿಗೆ ಸೀಟು ಹೇಗೆ ಸಿಗುತ್ತದೆ ಎಂದು ನಮ್ಮ ಮಕ್ಕಳಿಗೆ ತಿಳಿಯುವುದಿಲ್ಲ. ನನಗೆ ತಿಳಿಯದ್ದು ಬೇರೆ: ಇನ್ನೊಬ್ಬರ ಕರ್ಚೀಫನ್ನು ತೆಗೆದು ಕೂರಲು ಯಾರಿಗೂ ಧೈರ್ಯವಾಗದಷ್ಟು ಮರ್ಯಾದೆ ಆ ನೂಕುನುಗ್ಗಲಿನಲ್ಲಿ ಎಲ್ಲಿಂದ ಬರುತ್ತಿತ್ತು? ನಿಮ್ಮ ಕಾಲದ ಮೇಲೆ ನನಗೆ ಹೊಟ್ಟೆಕಿಚ್ಚಾಗುವುದು ಇಂಥ ಕಡೆ.

ಈಗ ಆರನೆಯ ಅಭ್ಯಾಸಕ್ಕೆ ಬರುತ್ತೇನೆ. ಪತ್ರ ಬರೆಯಲು ಕಾರಣ ಅದೇ.

ನಿಮಗೆ ನೆನಪಿರುತ್ತದೆ. ನಿಮ್ಮ ತರಗತಿಯ ಇಪ್ಪತ್ನಾಲ್ಕು ಮಕ್ಕಳಿಗೆ “ನಿನ್ನೆ ನೀವು ಎಷ್ಟು ಜನರ ಜೊತೆ ಮಾತಾಡಿದಿರಿ?” ಎಂದು ಆನ್‌ಲೈನಿನಲ್ಲೇ ಕೇಳಿದಿರಿ. ಅವರು ತುಂಬಿದ ಉತ್ತರಗಳನ್ನೇ ಅಭ್ಯಾಸವಾಗಿ ಮಾಡಿದಿರಿ, ಹೀಗಾಗಿ ಇದರಲ್ಲಿ ಅಂಕಿಗಳು ಎಲ್ಲರಿಗೂ ಒಂದೇ. ಹದಿನಾಲ್ಕು, ಇಪ್ಪತ್ತೆರಡು, ಒಂಬತ್ತು, ಮೂವತ್ತೊಂದು, ಹೀಗೆ ಹೋಗುತ್ತದೆ ಪಟ್ಟಿ. ಒಬ್ಬ ಪುಣ್ಯಾತ್ಮ ನಲವತ್ತೊಂದು ಎಂದು ಬರೆದಿದ್ದಾನೆ. ಹತ್ತೊಂಬತ್ತನೆಯ ಸಾಲಿನಲ್ಲಿ ಮಾತ್ರ ಸೊನ್ನೆ ಇದೆ. ಪಟ್ಟಿಯ ತಲೆಯ ಮೇಲೆ ನಿಮ್ಮ ಸೂಚನೆ: “ಇದು ಜೀವಂತ ಪಟ್ಟಿ. ನಮ್ಮ ತರಗತಿಯವರು ತಮ್ಮ ಉತ್ತರವನ್ನು ಯಾವಾಗ ಬೇಕಾದರೂ ಬದಲಾಯಿಸಬಹುದು. ಬದಲಾದರೆ ಸರಾಸರಿಯೂ ತಾನಾಗಿ ಬದಲಾಗುತ್ತದೆ.” ಆಮೇಲೆ ಪ್ರಶ್ನೆ: ಉಳಿದವರಿಗೆ ಹೊಂದದ ಒಂದು ಉತ್ತರ ಇದರಲ್ಲಿದೆ, ಅದನ್ನು ತೆಗೆದು ಸರಾಸರಿ ಕಂಡುಹಿಡಿಯಿರಿ. ಅದರ ಕೆಳಗೆ ಸುಳಿವು: “ಇಷ್ಟು ದೊಡ್ಡ ಕ್ಯಾಂಪಸ್ಸಿನಲ್ಲಿ ಇಡೀ ದಿನ ಯಾರೊಂದಿಗೂ ಮಾತಾಡದೆ ಇರಲು ಸಾಧ್ಯವೇ? ಯಾರೋ ಅವಸರದಲ್ಲಿ ತಪ್ಪಾಗಿ ಒತ್ತಿರಬೇಕು.”

ನಮ್ಮ ಮಕ್ಕಳು ಮರುದನಿಯನ್ನು ಕೇಳಿ, ಸೊನ್ನೆ ತೆಗೆದು, ಹಸಿರು ಗುರುತು ಪಡೆದು ಏಳನೆಯ ಅಭ್ಯಾಸಕ್ಕೆ ಹೋಗುತ್ತಾರೆ. ತಲೆಮಾರುಗಳಿಂದ ಹೀಗೇ ನಡೆದುಬಂದಿದೆ.

ಕಳೆದ ಮಳೆಗಾಲದ ಕೊನೆಯಲ್ಲಿ ಹನ್ನೊಂದನೆಯ ಗಾಳಿಮನೆಗೆ ಸಿಡಿಲು ಹೊಡೆಯಿತು. ಗೋಪುರಕ್ಕೆ ಏನೂ ಆಗಲಿಲ್ಲ, ಮರುದನಿ ಮೂಕವಾಯಿತು. ಅದನ್ನು ಸರಿಮಾಡುವವರು ಹುಬ್ಬಳ್ಳಿಯಿಂದ ಬರಬೇಕು, ಅವರು ಬರುವುದೆಂದರೆ ಬಂದಾಗ ಬಂದರು. ಆ ಮನೆಯಲ್ಲಿ ಪಾಳಿಗಿದ್ದವಳು ಸಾವಂತ್ರಿ ಎಂಬ ಹುಡುಗಿ. ಇಪ್ಪತ್ತು ದಾಟಿರಬೇಕು, ರೋಣದ ಕಡೆಯವಳು, ನಿಮ್ಮ ಅಭ್ಯಾಸಗಳನ್ನು ಆಗಷ್ಟೇ ಶುರು ಮಾಡಿದ್ದಳು. ಉತ್ತರ ಹೇಳಿಕೊಡಲು ಯಂತ್ರವಿಲ್ಲದೆ ಮೊದಲ ಸಲ ತಾನೇ ಕೂತು ಲೆಕ್ಕ ಮಾಡಿದಳು. ಆರನೆಯದರಲ್ಲಿ ಕೆಂಪು ಗುರುತು ಬಂತು. ಇನ್ನೊಂದು ಸಲ ನೋಡಿದಳು, ಮತ್ತೆ ಕೆಂಪು, ಕೆಳಗೆ ಸರಿಯುತ್ತರ. ಆಗ ಸಿಟ್ಟಿನಿಂದ ನನ್ನ ಗುಂಡಿ ಒತ್ತಿದಳು.

ಗಂಟೆ ಬಾರಿಸಿದಾಗ ಅದು ಏನೆಂದೇ ನನಗೆ ತಿಳಿಯಲಿಲ್ಲ. ಕುಕ್ಕರೆಂದು ತಿಳಿದು ಒಲೆಯ ಹತ್ತಿರ ಹೋದೆ.

“ಅಕ್ಕೋರ, ನಿಮ್ಮ ಪೆಟ್ಟಿಗಿ ಸುಳ್ಳ ಹೇಳಾಕತ್ತೈತಿ,” ಎಂದಳು. ನಮಸ್ಕಾರವಿಲ್ಲ, ಏನಿಲ್ಲ. ತನ್ನ ಉತ್ತರ ಹದಿನೇಳು, ಉತ್ತರದ ಪೆಟ್ಟಿಗೆ ಹದಿನೆಂಟು ಮುಕ್ಕಾಲು ಕೇಳುತ್ತಿದೆ ಎಂದಳು. ನಾನು ಲೆಕ್ಕ ಹಾಕಿ ನೋಡಿದೆ. ಹದಿನೇಳು ಬರಬೇಕಾದರೆ ಇವಳು ಸೊನ್ನೆಯನ್ನು ತೆಗೆದಿಲ್ಲ, ನಲವತ್ತೊಂದನ್ನು ತೆಗೆದಿದ್ದಾಳೆ.

ಯಾಕವ್ವಾ ಎಂದು ಕೇಳಿದೆ.

“ಒಂದ ದಿನದಾಗ ನಲವತ್ತೊಂದ ಮಂದಿ ಜೋಡಿ ಮಾತಾಡಾಕ ಆಗತೈತೇನ್ರಿ? ಬಾಯಿ ನೋಯೂದಿಲ್ಲೇನ್ರಿ? ನಾಕು ಅಂತ ಒತ್ತಾಕ ಹೋಗಿ ಮುಂದ ಒಂದು ತಾಗಿರಬೇಕು. ಸೊನ್ನಿ ಖರೇ ಐತ್ರಿ. ಸೊನ್ನಿ ಹೆಂಗ ತಪ್ಪ ಆಗತೈತಿ? ನಂದೂ ಸೊನ್ನೀನ.”

ನನಗೆ ನಗು ಬಂತು. ನಗುತ್ತಿದ್ದಂತೆ ಅವಳ ಕೊನೆಯ ಮಾತು ಒಳಗಿಳಿದು ನಗು ಅಲ್ಲೇ ನಿಂತಿತು. ಮರುದನಿ ಕೆಟ್ಟ ಮೇಲೆ ನೀನು ಯಾರ ಜೊತೆಗೂ ಮಾತಾಡಿಲ್ಲವೇ ಎಂದು ಕೇಳಿದೆ. ಕೆಡುವ ಮೊದಲೂ ಮನುಷ್ಯರ ಜೊತೆ ಮಾತಾಡಿರಲಿಲ್ಲ ಎಂದಳು. ಯಂತ್ರದ ಜೊತೆ ಆಡಿದ್ದು ಲೆಕ್ಕಕ್ಕೆ ಬರುತ್ತದೆಯೋ ಇಲ್ಲವೋ ಎಂದು ಅನುಮಾನವಿತ್ತಂತೆ. ನಿಮ್ಮ ಪ್ರಶ್ನೆಯಲ್ಲಿ “ಜನರ ಜೊತೆ” ಎಂದಿದೆ, ಬರುವುದಿಲ್ಲ ಎಂದು ಹೇಳಿದೆ. ಹಾಗಾದರೆ ತುಂಬಾ ದಿನಗಳಿಂದ ಸೊನ್ನೆಯೇ ಎಂದಳು. ಅವಳ ದನಿಯಲ್ಲಿ ಅಳು ಇರಲಿಲ್ಲ. ನಾವು ಗಾಳಿಯ ವೇಗ ಹೇಳುವ ಹಾಗೆ ಹೇಳಿದಳು, ಅದಕ್ಕೇ ನನಗೆ ಸಂಕಟವಾಯಿತು.

ಮನೆಗೆ ಬಾ, ಕೂತು ನೋಡೋಣ ಎಂದುಬಿಟ್ಟೆ. ಗುಡ್ಡದ ಮೇಲೆ ಯಾರೂ ಯಾರ ಮನೆಗೂ ಹೋಗುವುದಿಲ್ಲ. ಬೇಡವೆಂದು ನಿಯಮವೇನಿಲ್ಲ, ರೂಢಿಯಿಲ್ಲ. ಕರೆದ ಮೇಲೆ ನನಗೇ ಗಾಬರಿ. ಮನೆಯಲ್ಲಿ ಎರಡನೆಯ ತಟ್ಟೆ ಇರಲಿಲ್ಲ, ಅವಳಿಗೆ ರೊಟ್ಟಿ ಮಾಡುವ ಹಂಚಿನ ಮುಚ್ಚಳದಲ್ಲಿ ಬಡಿಸಬೇಕಾಯಿತು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಮೊಸರು. ಇನ್ನೂರು ವರ್ಷದಲ್ಲಿ ಏನೇನೋ ಬದಲಾಗಿದೆ, ಇವು ಬದಲಾಗಿಲ್ಲ, ನೀವು ಬಂದರೆ ಉಪವಾಸ ಬೀಳುವುದಿಲ್ಲ. ಅವಳು ಮುರಿದ ರೊಟ್ಟಿಯ ಸದ್ದಿಗೆ ನಾನು ಎರಡು ಸಲ ಬೆಚ್ಚಿಬಿದ್ದೆ. ಇನ್ನೊಬ್ಬರು ಊಟ ಮಾಡುವ ಸದ್ದು ಹೇಗಿರುತ್ತದೆಂದು ಮರೆತೇ ಹೋಗಿತ್ತು ಮೇಡಂ.

ಊಟವಾದ ಮೇಲೆ ಆರನೆಯ ಅಭ್ಯಾಸ ತೆರೆದು ನಿಮ್ಮ ಪರವಾಗಿ ವಾದಿಸಿದೆ. ಆ ಕಾಲದಲ್ಲಿ ನಲವತ್ತೊಂದು ಸಾಧ್ಯವಿತ್ತು, ಮೆಸ್ಸಿತ್ತು, ಬಸ್ಸಿತ್ತು, ಕರ್ಚೀಫು ಎಸೆಯುವವರಿದ್ದರು ಎಂದೆ. ಒಪ್ಪಿದಳು. ಹಾಗಾದರೆ ಸೊನ್ನೆಯೇ ತಪ್ಪಿರಬೇಕಲ್ಲ, ಮೇಡಂ ಅವರೇ ಬರೆದಿದ್ದಾರಲ್ಲ ಎಂದೆ.

“ಕೇಳಿ ಬರದಾರೋ, ಕೇಳದ ಬರದಾರೋ?” ಎಂದಳು.

ನಾನು ನಿಮ್ಮ ಸುಳಿವನ್ನು ಇನ್ನೊಂದು ಸಲ ಓದಿದೆ. ಅವಳು ಬಿಡಲಿಲ್ಲ.

“ಅಷ್ಟು ಮಂದಿ ಇದ್ದಲ್ಲಿ ಆಕಿ ಒಬ್ಬಾಕಿ ಸೊನ್ನಿ ಅಂದ್ರ, ಅದು ನನ್ನ ಸೊನ್ನಿಗಿಂತ ದೊಡ್ಡದಲ್ಲೇನ್ರಿ ಅಕ್ಕೋರ? ಇಲ್ಲಿ ನನಗ ಮಂದೀನ ಇಲ್ಲ. ಆಕಿಗೆ ಎಲ್ಲಾರೂ ಇದ್ರು.”

ಹತ್ತೊಂಬತ್ತನೆಯ ಸಾಲಿನವರು ಹುಡುಗಿಯೋ ಹುಡುಗನೋ ನಮಗೆ ತಿಳಿಯದು. ಹೆಸರುಗಳನ್ನು ಯಾರೋ ಒಳ್ಳೆಯ ಉದ್ದೇಶದಿಂದಲೇ ಅಳಿಸಿದ್ದಾರೆ. ಆದರೆ ಸಾವಂತ್ರಿ ಮೊದಲಿನಿಂದಲೂ “ಆಕಿ” ಎಂದೇ ಹೇಳುತ್ತಾಳೆ, ನನಗೂ ಈಗ ಹಾಗೇ ಆಗಿದೆ.

ಅವತ್ತು ಸಂಜೆ ಅವಳು ಹೊರಡುವಷ್ಟರಲ್ಲಿ ನಮ್ಮಿಬ್ಬರ ಗಂಟಲೂ ನೋಯುತ್ತಿತ್ತು. ಬಿಸಿನೀರಿಗೆ ಉಪ್ಪು ಹಾಕಿ ಇಬ್ಬರೂ ಬಾಯಿ ಮುಕ್ಕಳಿಸಿದೆವು. ಅವಳು ಹೋದ ಮೇಲೆ ನಾನು ತಂಗಿಗೆ ಕರೆ ಮಾಡಿದೆ. ಮರುದನಿಯ ಮೂಲಕವಲ್ಲ, ನೇರವಾಗಿ. ಅವಳು ನನ್ನ ದನಿ ಕೇಳಿದ್ದೇ “ಏನಾತಕ್ಕ? ಯಾರರ ತೀರಿಕೊಂಡ್ರೇನು?” ಎಂದಳು. ಯಾರೂ ತೀರಿಕೊಂಡಿಲ್ಲ, ಸುಮ್ಮನೆ ಮಾಡಿದೆ ಎಂದೆ. ಸುಮ್ಮನೆ ಎಂದರೆ ಏನೆಂದು ಅವಳಿಗೆ ಅರ್ಥವಾಗಲಿಲ್ಲ. ಆಮೇಲೆ ಇಬ್ಬರಿಗೂ ಏನು ಮಾತಾಡಬೇಕೆಂದು ತೋಚದೆ, ಅವಳ ಮನೆಯ ಗಡಿಯಾರದ ಸದ್ದು ಕೇಳುತ್ತ ಕೂತಿದ್ದೆ. ಆದರೂ ಫೋನು ಇಡಲು ಇಬ್ಬರಿಗೂ ಮನಸ್ಸಾಗಲಿಲ್ಲ.

ಮೇಡಂ, ನಿಮ್ಮನ್ನು ದೂರಲು ಇದನ್ನು ಬರೆಯುತ್ತಿಲ್ಲ. ನೀವು ಎಂಥವರೆಂದು ನನಗೆ ಗೊತ್ತು. ಮೂರನೆಯ ಅಭ್ಯಾಸದಲ್ಲಿ ಮಕ್ಕಳ ಎತ್ತರದ ಲೆಕ್ಕವಿದೆ. ಅದರಲ್ಲಿ ಒಬ್ಬ ತನ್ನ ಎತ್ತರ ಹದಿನೇಳು ಸೆಂಟಿಮೀಟರ್ ಎಂದು ತುಂಬಿದ್ದಾನೆ. ಅಲ್ಲಿ ನೀವು ಬರೆದಿದ್ದೀರಿ: “ನಾನು ಅವನನ್ನು ಕಾರಿಡಾರಿನಲ್ಲಿ ನಿಲ್ಲಿಸಿ ಕೇಳಿದೆ. ಕೊನೆಯ ಅಂಕಿ ಬಿಟ್ಟುಹೋಗಿತ್ತಂತೆ. ಸಂಖ್ಯೆಯನ್ನು ತೆಗೆಯುವ ಮೊದಲು ಅದನ್ನು ಕೊಟ್ಟವರನ್ನು ಕೇಳಿ.” ಈ ಸಾಲನ್ನು ನಾನು ಗೋಪುರದ ಬಾಗಿಲ ಮೇಲೆ ಬರೆದು ಅಂಟಿಸಿದ್ದೇನೆ. ಎತ್ತರದ ಬಗ್ಗೆ ನಿಲ್ಲಿಸಿ ಕೇಳಿದವರು ಇದನ್ನು ಯಾಕೆ ಕೇಳಲಿಲ್ಲ ಎಂದು ಬಹಳ ಯೋಚಿಸಿದೆ. ಹದಿನೇಳು ಸೆಂಟಿಮೀಟರಿನ ಮನುಷ್ಯ ಇರಲಾರ, ಅದು ಎಲ್ಲರಿಗೂ ಕಾಣುತ್ತದೆ, ಕೇಳಿದರೆ ಇಬ್ಬರೂ ನಗಬಹುದು. ಸೊನ್ನೆ ಹಾಗಲ್ಲ. ಕೇಳಿದರೆ ಅದು ನಿಜವಾಗಿಬಿಟ್ಟೀತು. ಅಥವಾ ಇದಾವುದೂ ಅಲ್ಲದಿರಬಹುದು. ನಾಲ್ಕು ತರಗತಿಗಳ ಅಭ್ಯಾಸ ಒಂದೇ ವಾರದಲ್ಲಿ ಹಾಕಬೇಕಿತ್ತೇನೋ, ಪರೀಕ್ಷೆ ಹತ್ತಿರವಿತ್ತೇನೋ. ಕಾಗದದಲ್ಲಾದರೆ ಅಕ್ಷರ ನೋಡಿ, ಕೊಡುವಾಗ ಮುಖ ನೋಡಿ ಏನಾದರೂ ತಿಳಿಯುತ್ತಿತ್ತು. ನಿಮ್ಮ ಪರದೆಯ ಮೇಲೆ ಬಂದದ್ದು ಒಂದು ಅಂಕಿ ಮಾತ್ರ.

ನನಗೆ ಆ ಹುಡುಗಿ ಕಾಣುತ್ತಾಳೆ. ಸಾಯಂಕಾಲ ಹಾಸ್ಟೆಲಿನಲ್ಲೋ ಪೇಯಿಂಗ್ ಗೆಸ್ಟ್ ಕೋಣೆಯಲ್ಲೋ ಫೋನು ಹಿಡಿದು ನಿಮ್ಮ ಪ್ರಶ್ನೆ ಓದುತ್ತಾಳೆ. ನಿನ್ನೆ ಎಷ್ಟು ಜನರ ಜೊತೆ ಮಾತಾಡಿದೆ? ಎಣಿಸುತ್ತಾಳೆ. ಹತ್ತೋ ಹನ್ನೆರಡೋ ಎಂದು ಸುಳ್ಳು ಬರೆಯಬಹುದಿತ್ತು, ಪೆಟ್ಟಿಗೆ ಅದನ್ನೂ ಒಪ್ಪುತ್ತಿತ್ತು. ಅವಳು ಬರೆಯಲಿಲ್ಲ. ಸೊನ್ನೆ ಎಂದು ತುಂಬಿ ಕಳಿಸಿದಳು. ಅದನ್ನು ಓದುವವರು ನೀವೆಂದು ಅವಳಿಗೆ ಗೊತ್ತಿತ್ತು ಮೇಡಂ. ಆವತ್ತು ಅವಳು ಒಬ್ಬರ ಜೊತೆ ಮಾತಾಡಿದ್ದಾಳೆ, ನಿಮ್ಮ ಜೊತೆ. ಮರುದಿನ ಅಭ್ಯಾಸ ತೆರೆದರೆ ತನ್ನ ಸಾಲಿನ ಬಗ್ಗೆ, ಯಾರೋ ತಪ್ಪಾಗಿ ಒತ್ತಿರಬೇಕು, ತೆಗೆದುಹಾಕಿ, ಎಂದಿದೆ. ಉಳಿದವರ ಹಾಗೆ ತನ್ನನ್ನು ತಾನೇ ತೆಗೆದು, ಸರಾಸರಿ ಹಾಕಿ, ಹಸಿರು ಗುರುತು ಪಡೆದಿರಬೇಕು. ಅವಳನ್ನು ಬಿಟ್ಟಿದ್ದರಿಂದ ಸರಾಸರಿ ಹದಿನೆಂಟರಿಂದ ಹದಿನೆಂಟು ಮುಕ್ಕಾಲಿಗೆ ಹೋಯಿತು, ಅಷ್ಟೆ. ಮುಕ್ಕಾಲಿಗಾಗಿ ಒಂದು ಮಗುವನ್ನು ಬಿಡುವುದು ನನಗೆ ಸರಿ ಕಾಣಲಿಲ್ಲ.

ಆದ್ದರಿಂದ ನನ್ನ ಕೋರಿಕೆ. ಉತ್ತರದ ಕೀಲಿಯನ್ನು ತಿದ್ದುವುದು ನಿಮ್ಮ ಇಷ್ಟ, ಅದಕ್ಕೆ ನಾನು ಅವಸರ ಮಾಡುವುದಿಲ್ಲ. ಹತ್ತೊಂಬತ್ತನೆಯ ಸಾಲು ಯಾರದೆಂದು ನಮಗೆ ತಿಳಿಯದು, ನಿಮಗೆ ತಿಳಿಯುತ್ತದೆ. ಅವಳು ಯಾವ ಹೆಸರಿನಲ್ಲಿ ಲಾಗಿನ್ ಆದಳು, ಯಾವ ಬೆಂಚಿನಲ್ಲಿ ಕೂರುತ್ತಾಳೆ, ಹಾಜರಿ ಕರೆದಾಗ ಎಷ್ಟು ಮೆಲ್ಲಗೆ ಹೇಳುತ್ತಾಳೆ, ಎಲ್ಲ ನಿಮ್ಮ ಕೈಗೆಟಕುವ ದೂರದಲ್ಲಿದೆ. ಈ ಪತ್ರ ಸರಿಯಾದ ಕಾಲಕ್ಕೆ ತಲುಪಿದರೆ ಅವಳು ಇನ್ನೂ ಅಲ್ಲೇ ಇರುತ್ತಾಳೆ. ಕಾರಿಡಾರಿನಲ್ಲಿ ನಿಲ್ಲಿಸಿ. ಸಂಖ್ಯೆಯ ಬಗ್ಗೆಯೇ ಕೇಳಬೇಕೆಂದಿಲ್ಲ. ಊಟವಾಯಿತಾ ಎಂದರೂ ಆಗುತ್ತದೆ.

ಸಾವಂತ್ರಿಯ ಮರುದನಿ ಈಗ ಸರಿಯಾಗಿದೆ. ಆದರೂ ಅವಳು ವಾರಕ್ಕೊಮ್ಮೆ ಗುಡ್ಡ ಸುತ್ತಿಕೊಂಡು ಬರುತ್ತಾಳೆ. ಎರಡನೆಯ ತಟ್ಟೆಯನ್ನು ಅವಳೇ ತಂದಿಟ್ಟಿದ್ದಾಳೆ. ಯುಗಾದಿಗೆ ಅವಳ ಪಾಳಿ ಮುಗಿಯುತ್ತದೆ, ಕಾರವಾರದಾಚೆ ಸಮುದ್ರದೊಳಗಿನ ಗೋಪುರಕ್ಕೆ ಹಾಕಿದ್ದಾರೆ. ಅವಳು ಹೋದ ಮೇಲೆ ನನ್ನ ಸಂಖ್ಯೆ ಎಷ್ಟಾಗುತ್ತದೆ ಎಂದು ತಿಳಿಯಲು ಸಂಖ್ಯಾಶಾಸ್ತ್ರ ಬೇಕಿಲ್ಲ. ಆ ತಟ್ಟೆಯನ್ನು ಏನು ಮಾಡಬೇಕೆಂದು ಇನ್ನೂ ತೀರ್ಮಾನಿಸಿಲ್ಲ. ತಂಗಿ ಬೇಸಿಗೆಯಲ್ಲಿ ಬರುತ್ತೇನೆ ಎಂದಿದ್ದಾಳೆ, ಬಂದಾಗ ಬಂದಳು.

ಎಲ್ಲಿದ್ದರೂ ಆ ಸಾಲು ಬದಲಾದರೆ ತಿಳಿಸಬೇಕು ಎಂದು ಸಾವಂತ್ರಿ ನನ್ನಿಂದ ಮಾತು ತೆಗೆದುಕೊಂಡಿದ್ದಾಳೆ. ಪಟ್ಟಿ ಜೀವಂತ ಎಂದು ನೀವೇ ಬರೆದಿದ್ದೀರಿ, ನಾವಿಬ್ಬರೂ ಅದನ್ನು ಹಾಗೆಯೇ ನಂಬಿಕೊಂಡಿದ್ದೇವೆ. ನೀವು ಮಾತಾಡಿಸಿದರೆ, ಮಾರನೆಯ ದಿನ ಅವಳು ತನ್ನ ಸಾಲಿಗೆ ಹೋಗಿ ಒಂದು ಎಂದು ತಿದ್ದಿದರೆ, ಇಲ್ಲಿ ನಮಗೆ ಕಾಣುತ್ತದೆ. ದಿನಾ ಬೆಳಿಗ್ಗೆ ಚಹಾಕ್ಕಿಟ್ಟು ಆರನೆಯ ಅಭ್ಯಾಸ ತೆರೆಯುತ್ತೇನೆ.

ಇವತ್ತು ಬೆಳಿಗ್ಗೆಯೂ ಸೊನ್ನೆಯೇ ಇತ್ತು.

ನಿಮ್ಮ ವಿದ್ಯಾರ್ಥಿನಿ,
ನೀಲಾಂಬಿಕಾ ಮುಳಗುಂದ